ಚದುರಂಗದ ತಂಡವೂ ಹಿರಿಯರ ಆಕ್ಷೇಪಣೆಯೂ

ನಮ್ಮ ಸಂಘದ ಕಳೆದ ತಿಂಗಳಿನ ಸಭೆಯಲ್ಲಿ ಒಂದು ಸಣ್ಣ ಸೂಚನೆ ಬಂದು, ಹೆಚ್ಚು ಚರ್ಚೆಯಿಲ್ಲದೆಯೇ ಬಿದ್ದುಹೋಯಿತು. ಕಡೇಚೂರಿನ ಮಕ್ಕಳು ಅಂತರಜಾಲದ ಮೂಲಕ ಆಡುತ್ತಿರುವ ಚದುರಂಗದ ತಂಡಪಂದ್ಯಗಳಿಗಾಗಿ ವಾರದಲ್ಲೊಂದು ಸಂಜೆ ವಾಚನಾಲಯದ ಕೋಣೆಯನ್ನು ಬಿಟ್ಟುಕೊಡಬೇಕೆಂಬುದೇ ಆ ಸೂಚನೆ. “ಮೊಬೈಲಿನ ಚಟಕ್ಕೆ ಸರಸ್ವತಿಯ ಮನೆಯ ಬಾಗಿಲನ್ನೇಕೆ ತೆರೆಯಬೇಕು?” ಎಂದು ಹಿರಿಯರೊಬ್ಬರು ಕೇಳಿದರು. ಸಭೆ ನಕ್ಕಿತು, ವಿಷಯ ಮುಗಿಯಿತು. ನಕ್ಕವರಲ್ಲಿ ನಾನೂ ಒಬ್ಬನು. ಆ ನಗೆಯನ್ನು ಹಿಂದಕ್ಕೆ ತೆಗೆದುಕೊಳ್ಳುವುದಕ್ಕಾಗಿಯೇ ಈ ಲೇಖನ.

ನಡೆದುದನ್ನು ಮೊದಲು ಹೇಳಿಬಿಡುತ್ತೇನೆ. ಒಂಬತ್ತನೆಯ ತರಗತಿಯಲ್ಲಿ ಓದುವ ನನ್ನ ಮೊಮ್ಮಗಳು ಅಂತಹದೊಂದು ತಂಡದಲ್ಲಿ ಕೊನೆಯ ಮಣೆಯ ಆಟಗಾರ್ತಿ. ಸಭೆಯಾದ ನಾಲ್ಕನೆಯ ದಿನ ಸಂಜೆ ಅವಳು ಫೋನನ್ನು ಮುಂದಿಟ್ಟುಕೊಂಡು ಮುಕ್ಕಾಲು ಗಂಟೆಯಿಂದ ಕುಳಿತಿರುವುದನ್ನು ಕಂಡು, ದೀಪ ಹಚ್ಚುವ ಹೊತ್ತಿನಲ್ಲಿ ಇದೇನೆಂದು ಗದರಿಸಿ, ನಾನೇ ಅದನ್ನು ಕಸಿದುಕೊಂಡೆನು. ಗಡಿಯಾರ ಓಡಿ ಅವಳ ಆಟ ಹೋಯಿತು. ಉಳಿದ ಮಣೆಗಳು ಸಮಸಮವಾಗಿದ್ದುದರಿಂದ ಪಂದ್ಯವೂ ಹೋಯಿತು. ಹುಡುಗಿ ಅಳಲಿಲ್ಲ. “ಮುತ್ಯಾ, ನಾ ಒಬ್ಬಾಕಿ ಸೋತಿಲ್ಲ, ನಮ್ಮ ತಂಡ ಸೋತದ” ಎಂದಳು. ಆ ಮಾತಿಗೆ ಉತ್ತರ ಹುಡುಕುತ್ತ ಹೋಗಿ ನಾನು ಆಕ್ಷೇಪಕರ ಪಕ್ಷವನ್ನೇ ಬಿಡಬೇಕಾಯಿತು.

ಆಕ್ಷೇಪಕರ ಮೊದಲನೆಯ ಮಾತು, ಇದು ಜೂಜಿನ ನೆಂಟನೆಂಬುದು. ಪಗಡೆಗೂ ಚದುರಂಗಕ್ಕೂ ಇರುವ ಭೇದವನ್ನರಿಯದವರು ಮಾತ್ರ ಹೀಗೆ ಹೇಳಬಲ್ಲರು. ಪಗಡೆಯಲ್ಲಿ ದಾಳ ಬಿದ್ದಂತೆ ಕಾಯಿ ನಡೆಯಬೇಕು. ಇಲ್ಲಿ ಬುದ್ಧಿ ನಡೆದಂತೆ ಕಾಯಿ ನಡೆಯುತ್ತದೆ. ನಮ್ಮ ಸೀಮೆಗೆ ಸಮೀಪದ ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜನ ವಿನೋದಗಳ ನಡುವೆ ಚದುರಂಗಕ್ಕೂ ಸ್ಥಾನವಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಅರವತ್ತುನಾಲ್ಕು ಮನೆಗಳಲ್ಲಿ ಕುದುರೆಯನ್ನು ಒಂದು ಮನೆಯೂ ಎರಡು ಸಲ ಬಾರದಂತೆ ಓಡಿಸುವ ಬಂಧಗಳನ್ನು ರಚಿಸಿದವರು. ಇನ್ನು ಕಾಯಿದೆಯ ಮಾತಾದರೆ, 2025ರ ಆಗಸ್ಟಿನಲ್ಲಿ ಕೇಂದ್ರ ಶಾಸನಸಭೆಯು ನಿಷೇಧಿಸಿದುದು ಹಣವಿಟ್ಟಾಡುವ ಆನ್‌ಲೈನ್ ಆಟಗಳನ್ನು. ನಮ್ಮ ಮಕ್ಕಳ ಪಂದ್ಯದಲ್ಲಿ ಒಂದು ಕಾಸಿನ ಪಣವೂ ಇಲ್ಲ. ಅವರು ಆಡುವ ಲಿಚೆಸ್ ಎಂಬ ತಾಣವು 2010ರಲ್ಲಿ ಫ್ರಾನ್ಸಿನವರೊಬ್ಬರಿಂದ ಆರಂಭವಾದುದು; ಅದರಲ್ಲಿ ಶುಲ್ಕವಿಲ್ಲ, ಜಾಹೀರಾತೂ ಇಲ್ಲ.

ಎರಡನೆಯದು, ಕಾಲಹರಣದ ಮಾತು. ಇದರಲ್ಲಿ ಅರ್ಧ ಸತ್ಯವಿದೆ; ಆ ಅರ್ಧವನ್ನು ಒಪ್ಪಿಕೊಳ್ಳುವುದಕ್ಕೆ ನನಗೆ ಸಂಕೋಚವಿಲ್ಲ. ನಿಮಿಷದೊಳಗೆ ಮುಗಿಯುವ ಮಿಂಚಿನಾಟಗಳನ್ನು ಒಂದರ ಹಿಂದೊಂದು ನೂರು ಆಡುವ ಹುಡುಗನಿಗೆ ಬೆರಳಿನ ಚುರುಕು ಬಂದೀತೇ ಹೊರತು ಚದುರಂಗ ಬಾರದು. ಅದನ್ನು ಮನೆಯ ಹಿರಿಯರು ತಡೆಯಲಿ, ನಾನೂ ತಡೆಯುತ್ತೇನೆ. ಆದರೆ ತಂಡಪಂದ್ಯದ ಕ್ರಮವೇ ಬೇರೆ. ಆ ತಾಣದಲ್ಲಿಯೇ ‘4545’ ಎಂಬ ಹೆಸರಿನ ಲೀಗೊಂದು ಬಹುಕಾಲದಿಂದ ನಡೆದುಬಂದಿದೆ: ಒಬ್ಬೊಬ್ಬರಿಗೆ 45 ನಿಮಿಷ, ಪ್ರತಿ ನಡೆಗೂ 45 ಸೆಕೆಂಡು ಹೆಚ್ಚುವರಿ, ವಾರಕ್ಕೆ ಒಂದೇ ಆಟ. ಎದುರಾಳಿಯು ಯಾವ ದೇಶದವನೇ ಆಗಲಿ, ಅವನಿಗೆ ತಾನೇ ಬರೆದು ಇಬ್ಬರಿಗೂ ಒಪ್ಪುವ ಹೊತ್ತನ್ನು ಗೊತ್ತುಮಾಡಿಕೊಳ್ಳಬೇಕು. ಆ ಹೊತ್ತಿಗೆ ತಪ್ಪಿದರೆ ನಷ್ಟ ತಂಡಕ್ಕೆ. ನಮ್ಮ ಸಭೆಗಳಿಗೆ ಒಂದು ಗಂಟೆ ತಡವಾಗಿ ಬರುವ ನಾವು ಈ ಮಕ್ಕಳಿಗೆ ಕಾಲದ ಬೆಲೆಯನ್ನು ಬೋಧಿಸುತ್ತಿದ್ದೇವೆ!

ತಂಡದಿಂದ ಕಲಿಕೆಗೆ ಆಗುವ ಲಾಭವನ್ನು ನಾನು ಕಣ್ಣಾರೆ ಕಂಡುದು ಒಂದು ಕೊನೆಯಾಟದಲ್ಲಿ. ಫೋನನ್ನು ಹಿಂದಿರುಗಿಸಿದ ಮುಂದಿನ ವಾರ ಮೊಮ್ಮಗಳ ಪಕ್ಕದಲ್ಲಿಯೇ ಕುಳಿತಿದ್ದೆನು. ಇಬ್ಬರಿಗೂ ಒಂದೊಂದು ಆನೆ. ಎದುರಾಳಿಗೆ ಮಾತ್ರ ಒಂದು ಕಾಲಾಳು ಹೆಚ್ಚು. ಒಬ್ಬಳೇ ಆಡುವಾಗ ಇಂತಹ ಸ್ಥಿತಿ ಬಂದರೆ ಅವಳು ಬೇಸರಗೊಂಡು ಬಿಟ್ಟುಬಿಡುತ್ತಿದ್ದಳಂತೆ. ಅಂದು ಬಿಡಲಿಲ್ಲ, ಏಕೆಂದರೆ ತಂಡಕ್ಕೆ ಬೇಕಾದುದು ಅರ್ಧ ಅಂಕ. ತನ್ನ ರಾಜನನ್ನು ಆ ಕಾಲಾಳಿನ ದಾರಿಗೆ ಅಡ್ಡವಾಗಿ ಕೊನೆಯ ಸಾಲಿನಲ್ಲಿರಿಸಿದಳು. ಆನೆಯನ್ನು ತನ್ನ ಕಡೆಯಿಂದ ಮೂರನೆಯ ಸಾಲಿನಲ್ಲಿಟ್ಟು, ಎದುರಾಳಿಯ ರಾಜನು ಒಳನುಗ್ಗದಂತೆ ಆ ಸಾಲಿನಲ್ಲಿಯೇ ಅತ್ತಿತ್ತ ನಡೆಸುತ್ತ ಕಾದಳು. ಕಾಲಾಳು ಆ ಸಾಲಿಗೆ ಕಾಲಿಟ್ಟೊಡನೆ ಅವಳ ಆನೆಯು ಮಣೆಯ ಆ ತುದಿಗೆ ಹಾರಿ, ಹಿಂದಿನಿಂದ ಶಹದ ಮೇಲೆ ಶಹ ಕೊಡತೊಡಗಿತು. ಎದುರಾಳಿಯ ರಾಜನಿಗೆ ಮುಂದೆ ಅಡಗಲು ನೆರಳಿಲ್ಲ. ಆಟ ಸಮವಾಯಿತು. ಈ ಉಪಾಯವನ್ನು 18ನೆಯ ಶತಮಾನದಲ್ಲಿ ತೋರಿಸಿಕೊಟ್ಟವನು ಫಿಲಿಡೋರನೆಂಬ ಫ್ರೆಂಚ್ ಸಂಗೀತಗಾರ. ಅದನ್ನು ಇವಳಿಗೆ ಕಲಿಸಿದವನು ತಂಡದ ಮೊದಲ ಮಣೆಯ ಹುಡುಗ, ಹದಿನೇಳು ವರ್ಷದವನು. ಆಟ ನಡೆಯುವಾಗ ಒಬ್ಬರಿಗೊಬ್ಬರು ನಡೆಯನ್ನು ಹೇಳಿಕೊಡುವಂತಿಲ್ಲ. ಮುಗಿದ ಮೇಲೆ ಎಲ್ಲರೂ ಕೂಡಿ ಎಲ್ಲಿ ಎಡವಿದೆವೆಂದು ನೋಡುತ್ತಾರೆ. ಬೆಂಗಳೂರು ನಮ್ಮೂರಿನಿಂದ ಒಂದು ರಾತ್ರಿಯ ಪ್ರಯಾಣ. ಅಲ್ಲಿಯ ಗುರುಗಳನ್ನು ವಾರವಾರವೂ ಕಾಣಬಲ್ಲ ಮನೆ ಇಲ್ಲಿ ಯಾವುದಿದೆ?

ನಮ್ಮ ಕಟ್ಟೆಯ ಮೇಲಿನ ಹಳೆಯ ಆಟಗಾರರು ಇನ್ನೊಂದು ತಕರಾರನ್ನೆತ್ತುತ್ತಾರೆ. ಕಾಲಾಳು ಮೊದಲ ನಡೆಯಲ್ಲಿ ಎರಡು ಮನೆ ಹಾರುವುದು, ರಾಜನೂ ಆನೆಯೂ ಒಂದೇ ನಡೆಯಲ್ಲಿ ಸ್ಥಳ ಬದಲಿಸುವುದು, ಇವೆಲ್ಲ ಪರಕೀಯವೆನ್ನುತ್ತಾರೆ. ಮೀರ್ ಸುಲ್ತಾನ್ ಖಾನನು ಕಲಿತುದೂ ದೇಶೀ ಪದ್ಧತಿಯ ಆಟವನ್ನೇ. ಆತನು ತಾರುಣ್ಯದಲ್ಲಿ ಹೊಸ ನಿಯಮಗಳನ್ನು ಕಲಿತು 1929, 1932, 1933ರಲ್ಲಿ ಬ್ರಿಟನ್ನಿನ ಚಾಂಪಿಯನ್ ಪದವಿಯನ್ನು ಗೆದ್ದನು. ದೇಶೀ ಆಟವು ಅವನಿಗೆ ಅಡ್ಡಿಯಾಗಲಿಲ್ಲ, ಹಟ ಅಡ್ಡಿಯಾಗುತ್ತಿತ್ತು.

ಮೋಸದ ವಿಷಯವನ್ನು ಮರೆಮಾಚಲಾರೆನು. 2021ರ ಜೂನ್ 13ರಂದು ವಿಶ್ವನಾಥನ್ ಆನಂದರು ಧರ್ಮಾರ್ಥವಾಗಿ ಆಡಿದ ಆನ್‌ಲೈನ್ ಪಂದ್ಯದಲ್ಲಿ ಬೆಂಗಳೂರಿನ ಉದ್ಯಮಿಯೊಬ್ಬರು ಯಂತ್ರದ ನೆರವಿನಿಂದ ಗೆದ್ದು, ಮರುದಿನ ತಾವೇ ಒಪ್ಪಿಕೊಂಡರು. ಕೋಟ್ಯಧೀಶರಿಗೇ ಬಂದ ಈ ಪ್ರಲೋಭನೆಯು ಮಕ್ಕಳಿಗೆ ಬಾರದೇ? ಬಂದೀತು. ಹಾಗೆಂದೇ ಅವರು ಮುಚ್ಚಿದ ಕೋಣೆಯಲ್ಲಿ ಒಬ್ಬೊಬ್ಬರೇ ಆಡುವುದಕ್ಕಿಂತ ವಾಚನಾಲಯದ ಮೇಜಿನ ಮೇಲೆ ಹತ್ತು ಜನರ ಎದುರಿನಲ್ಲಿ ಆಡುವುದು ಲೇಸು. ಆಕ್ಷೇಪಕರ ಈ ವಾದವು ಅವರು ಬೀಳಿಸಿದ ಸೂಚನೆಯನ್ನೇ ಎತ್ತಿ ನಿಲ್ಲಿಸುತ್ತದೆ.

ಸಂಪರ್ಕ ಕಡಿದುಹೋಗುವುದೆಂಬ ದೂರೂ ಹೀಗೆಯೇ. 2020ರ ಆಗಸ್ಟ್ 30ರಂದು ಆನ್‌ಲೈನ್ ಒಲಿಂಪಿಯಾಡಿನ ಅಂತಿಮ ಪಂದ್ಯದಲ್ಲಿ ನಿಹಾಲ್ ಸರಿನ್ ಮತ್ತು ದಿವ್ಯಾ ದೇಶಮುಖ್ ಇವರ ಸಂಪರ್ಕ ತಪ್ಪಿ ಗಡಿಯಾರ ಮುಗಿದುಹೋಯಿತು. ಭಾರತದ ಮನವಿಯ ಮೇಲೆ ಭಾರತ, ರಷ್ಯಾ ಎರಡಕ್ಕೂ ಚಿನ್ನವನ್ನು ಸಾರಲಾಯಿತು. ಅಷ್ಟು ದೊಡ್ಡವರಿಗೇ ತಪ್ಪದುದು ನಮಗೆ ತಪ್ಪೀತೆ? ಆದರೆ ಆ ಕೂಟದ ಇನ್ನೊಂದು ಸಂಗತಿಯನ್ನೂ ನೋಡಬೇಕು. ಆರು ಮಣೆಗಳಲ್ಲಿ ಮೂರು ಹೆಣ್ಣುಮಕ್ಕಳಿಗೆ ಮೀಸಲು. ಅವುಗಳಲ್ಲೊಂದು ಇಪ್ಪತ್ತರ ಒಳಗಿನ ಹುಡುಗಿಗೆ. ಅವರಿಲ್ಲದೆ ತಂಡವೇ ಇಲ್ಲ. ನಮ್ಮೂರಿನಲ್ಲಿ ಸಂಜೆಯಾದ ಮೇಲೆ ಹುಡುಗರಿಗೆ ಕಟ್ಟೆಯುಂಟು, ಬಯಲುಂಟು. ಹುಡುಗಿಯರಿಗೆ ಏನುಂಟೆಂಬುದನ್ನು ಆಕ್ಷೇಪಕರು ಮನೆಗೆ ಹೋಗಿ ಕೇಳಿಕೊಳ್ಳಲಿ.

ಸೂಚನೆಯನ್ನು ಬರುವ ಸಭೆಯಲ್ಲಿ ನಾನೇ ಮತ್ತೆ ತರುತ್ತೇನೆ. ಬೇಕಾದುದು ಶನಿವಾರ ಸಂಜೆ ಆರರಿಂದ ಎಂಟರವರೆಗೆ ಕೋಣೆ, ಎರಡು ಮರದ ಮಣೆಗಳು, ಮತ್ತು ಕರೆಂಟು ಹೋದಾಗಲೂ ನಡೆಯುವ ಒಂದು ಸಂಪರ್ಕ. ಮಣೆಗಳ ಹಣವನ್ನು ನಾನು ಕೊಡುತ್ತೇನೆ. ಬಾಗಿಲ ಬೀಗದ ಕೈ ಮಾತ್ರ ಸಂಘದ ಕಾರ್ಯದರ್ಶಿಗಳಲ್ಲಿದೆ.