ಚಿಕ್ಕಮ್ಮನ ಕಾಗೆ, ಚಿಕ್ಕಪ್ಪನ ಲಾಟರಿ

ಮೊನ್ನೆ ಸೂಲಿಬೆಲೆಗೆ ಹೋಗಿದ್ದಾಗ ಚಿಕ್ಕಮ್ಮ ಕಾಗೆಯ ಮೇಲೆ ಮುನಿಸಿಕೊಂಡಿದ್ದರು. ದಿನಾ ತಪ್ಪದೆ ಅನ್ನ ಇಡ್ತಿದ್ರಂತೆ. ಒಂದು ವಾರ ಮನೆಗೆ ಬೀಗ ಹಾಕಿ ಹೋಗಿದ್ದಕ್ಕೆ ಕಾಗೆ ಬರೋದನ್ನೇ ಬಿಟ್ಟಿತು. ಪಕ್ಕದ ಮನೆಯವರು ನೆನಪಾದಾಗ ಮಾತ್ರ ಹಾಕ್ತಾರೆ. ಅಲ್ಲಿ ಮಾತ್ರ ಕಾಗೆ ಕಾಂಪೌಂಡ್ ಬಿಟ್ಟು ಕದಲಲ್ಲ! "ನಿಯತ್ತಿಲ್ಲದ ಹಕ್ಕಿ" ಅಂದ್ರು.

ಒಂದೆರಡು ಕಾಗೆ ನೋಡಿ ಸಿದ್ಧಾಂತ ಹೇಳೋಕಾಗಲ್ಲ, ನಿಜ. ಆದರೆ ಅಮೆರಿಕದ ಸ್ಕಿನ್ನರ್ ಮತ್ತು ಫರ್ಸ್ಟರ್ ಇದನ್ನೇ ಪಾರಿವಾಳಗಳ ಮೇಲೆ ವರ್ಷಗಟ್ಟಲೆ ಪರೀಕ್ಷಿಸಿ 1957ರಲ್ಲಿ ದಪ್ಪ ಪುಸ್ತಕವನ್ನೇ ಬರೆದರು. ಗುಂಡಿ ಕುಕ್ಕಿದಾಗೆಲ್ಲ ಕಾಳು ಸಿಕ್ಕರೆ ಹಕ್ಕಿ ಬೇಗ ಕಲಿಯುತ್ತೆ. ಕಾಳು ನಿಂತರೆ ಅಷ್ಟೇ ಬೇಗ ಬಿಡುತ್ತೆ. ಎಷ್ಟನೇ ಸಲಕ್ಕೆ ಸಿಗುತ್ತೋ ಗೊತ್ತಿಲ್ಲದ ಹಾಗೆ ಕೊಟ್ಟರೆ? ನಿಂತ ಮೇಲೂ ಸಾವಿರಾರು ಸಲ ಕುಕ್ಕುತ್ತಲೇ ಇರುತ್ತೆ. ಬರಿಗೈ ಅದಕ್ಕೆ ಮೊದಲಿಂದಲೂ ರೂಢಿ ತಾನೆ? ನಿಂತಿದೆ ಅಂತ ತಿಳಿಯೋದಾದರೂ ಹೇಗೆ?

ನನಗೆ ತಟ್ಟನೆ ನೆನಪಾಗಿದ್ದು ಚಿಕ್ಕಪ್ಪ. ವಿಜಯಪುರದಲ್ಲಿ ರೇಷ್ಮೆಗೂಡು ಮಾರಿ ಬಂದ ದುಡ್ಡು ಮನೆ ಸೇರುವ ಮೊದಲೇ ಲಾಟರಿ ಅಂಗಡಿ ಸೇರ್ತಿತ್ತು. ಯಾವತ್ತೋ ಒಮ್ಮೆ ಐವತ್ತು, ಇನ್ನೊಮ್ಮೆ ಇನ್ನೂರು. ಅಷ್ಟು ಸಾಕಿತ್ತು. ಅಜ್ಜಿ ಬೈದರು, ಚಿಕ್ಕಮ್ಮ ಅತ್ತರು, ನಾವು ಹುಡುಗರು "ದಡ್ಡ" ಅಂತ ನಕ್ಕೆವು. ಯಾವುದಕ್ಕೂ ಬಗ್ಗಲಿಲ್ಲ. 2007ರಲ್ಲಿ ಕರ್ನಾಟಕದಲ್ಲಿ ಲಾಟರಿ ನಿಷೇಧ ಆಯ್ತು ನೋಡಿ, ಅಂಗಡಿ ಮುಚ್ಚಿತು. ಚಿಕ್ಕಪ್ಪ ಎರಡು ತಿಂಗಳು ಚಡಪಡಿಸಿ ಸುಮ್ಮನಾದರು. ಮನುಷ್ಯ ಅದೇ, ಬುದ್ಧಿಯೂ ಅದೇ. ಬದಲಾಗಿದ್ದು ಕಾಳು ಹಾಕುವ ಕೈ ಮಾತ್ರ.

ಅದಕ್ಕೇ 2025ರಲ್ಲಿ ಕೇಂದ್ರ ಸರ್ಕಾರ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ "ಅವರವರ ವಿವೇಕಕ್ಕೆ ಬಿಡಬೇಕಿತ್ತು" ಎಂಬ ವಾದ ನನಗೆ ಒಪ್ಪಿಗೆಯಾಗಲಿಲ್ಲ. ಗೆಲುವು ಯಾವಾಗ, ಎಷ್ಟು ಅಂತ ಲೆಕ್ಕ ಹಾಕಿ ಇಟ್ಟವನು ಒಂದು ಕಡೆ, ಜೇಬಲ್ಲಿ ಮೊಬೈಲ್ ಇಟ್ಟುಕೊಂಡ ಹುಡುಗ ಇನ್ನೊಂದು ಕಡೆ. ಇದರಲ್ಲಿ ವಿವೇಕದ ಪರೀಕ್ಷೆ ಹುಡುಗನಿಗೆ ಮಾತ್ರ ಯಾಕೆ?

ಹಾಗಂತ ಈ ಗುಣ ಕೆಟ್ಟದ್ದೇನಲ್ಲ. ಅಕ್ಷರ ತಿದ್ದೋ ಮಗುವಿಗೆ ಮೊದಮೊದಲು ಪ್ರತಿ ಸಲ ಭೇಷ್ ಅಂದು, ಆಮೇಲೆ ಆಗೊಮ್ಮೆ ಈಗೊಮ್ಮೆ ಅಂದರೆ, ನಾವಿಲ್ಲದಾಗಲೂ ಅದು ತಿದ್ದುತ್ತೆ. ಛಲ ಹುಟ್ಟೋದೂ ಚಟ ಹುಟ್ಟೋದೂ ಒಂದೇ ಒಲೆಯಲ್ಲಿ.

ಚಿಕ್ಕಮ್ಮನಿಗೆ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಿಮ್ಮ ಚಿಕ್ಕಪ್ಪನ್ನ ಅಷ್ಟೊಂದು ಬೈಬಾರದಿತ್ತು ಕಣೋ" ಅಂದ್ರು. ಬೆಳಗ್ಗೆ ಎದ್ದು ನೋಡಿದರೆ ಗೋಡೆ ಮೇಲೆ ಅನ್ನ ಇಟ್ಟಿದ್ದರು.

ನಿಮ್ಮ ಮನೆಯಲ್ಲೂ ಇಂಥ ಚಿಕ್ಕಪ್ಪ ಇದ್ದರೇ? ಏನಂತೀರಿ?