ಸುದ್ದಿಗೂ ಬೇಕು ಲೆಕ್ಕಪರಿಶೋಧನೆ

ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್‌ನಲ್ಲಿ ನೆಲೆಸಿರುವ ಕನ್ನಡಿಗರಿಗೆ ಲೆಸ್ಟರ್ ಬೇರೆ ಊರಲ್ಲ. ಬರ್ಮಿಂಗ್‌ಹ್ಯಾಮ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ. ದೀಪಾವಳಿ ಬಂತೆಂದರೆ ಬೆಲ್‌ಗ್ರೇವ್ ರಸ್ತೆಯ ದೀಪಾಲಂಕಾರ ನೋಡಲು ಮಕ್ಕಳನ್ನು ಕರೆದುಕೊಂಡು ನಾವು ಅಲ್ಲಿಗೆ ಹೋಗುತ್ತೇವೆ. 2021ರ ಜನಗಣತಿಯಂತೆ ಆ ನಗರದಲ್ಲಿ ಮುಸ್ಲಿಮರು ಶೇ 23.5, ಹಿಂದೂಗಳು ಶೇ 17.9. ದಶಕಗಳಿಂದ ಅಕ್ಕಪಕ್ಕದಲ್ಲೇ ಬಾಳಿದವರು.

ಅಂಥ ಊರಿನಲ್ಲಿ 2022ರ ಆಗಸ್ಟ್ 28ರಂದು, ದುಬೈನಲ್ಲಿ ನಡೆದ ಏಷ್ಯಾ ಕಪ್ ಪಂದ್ಯದಲ್ಲಿ ಭಾರತ ಪಾಕಿಸ್ತಾನವನ್ನು ಸೋಲಿಸಿದ ಮೇಲೆ ಜಗಳ ಹತ್ತಿಕೊಂಡಿತು. ಸೆಪ್ಟೆಂಬರ್ 17 ಮತ್ತು 18ರ ಹೊತ್ತಿಗೆ ನೂರಾರು ಯುವಕರು ಬೀದಿಗಿಳಿದಿದ್ದರು. 20ರಂದು ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆಥಿಕ್‌ನ ದುರ್ಗಾ ಭವನದ ಎದುರು ಪ್ರತಿಭಟನೆ ನಡೆಯಿತು. ಯಾವ ಭಾಷಣಕಾರರ ಭೇಟಿಯನ್ನು ವಿರೋಧಿಸಿ ಜನ ಸೇರಿದ್ದರೋ ಆ ಕಾರ್ಯಕ್ರಮ ಆಗಲೇ ರದ್ದಾಗಿತ್ತು.

ಆ ಮೂರು ವಾರ ಮೊಬೈಲ್‌ಗಳಲ್ಲಿ ಹರಿದಾಡಿದ್ದನ್ನು ಈಗ ತಣ್ಣಗೆ ಕೂತು ನೋಡಿದರೆ ಕಲಿಯುವುದು ಬಹಳ ಇದೆ. ಹಿಂದೂ ಯುವಕರು ಮುಸ್ಲಿಂ ಹುಡುಗಿಯೊಬ್ಬಳನ್ನು ಅಪಹರಿಸಲು ಯತ್ನಿಸಿದರು ಎಂಬ ಸುದ್ದಿ ಹರಡಿತು. ಪೊಲೀಸರು ವಿಚಾರಿಸಿದಾಗ ಅಂಥ ಅಪರಾಧವೇ ನಡೆದಿರಲಿಲ್ಲ. ಲಂಡನ್ನಿನಿಂದ ಬಸ್ಸುಗಳಲ್ಲಿ ಜನರನ್ನು ತುಂಬಿ ತರಲಾಗಿದೆ ಎಂದು ಒಂದು ಬಸ್ಸಿನ ಚಿತ್ರ ಓಡಾಡಿತು. ಎರಡು ತಿಂಗಳಿಂದ ತಮ್ಮ ಬಸ್ಸು ಲೆಸ್ಟರ್ ಕಡೆ ಹೋಗಿಯೇ ಇಲ್ಲ ಎಂದು ಮಾಲೀಕರು ಹೇಳಬೇಕಾಯಿತು. ಇನ್ನೊಂದು ಕಡೆ, ಬರ್ಮಿಂಗ್‌ಹ್ಯಾಮ್‌ನ ಬೆಂಕಿಯೊಂದರ ವಿಡಿಯೊ ತೋರಿಸಿ ಇದು ಮುಸ್ಲಿಂ ಉಗ್ರರ ಕೆಲಸ ಎಂದು ಹಂಚಲಾಯಿತು. ಅದು ಆಕಸ್ಮಿಕ ಬೆಂಕಿ ಎಂದು ಅಗ್ನಿಶಾಮಕ ಇಲಾಖೆ ಹೇಳಿತು. ಬಿಬಿಸಿ ಮಾನಿಟರಿಂಗ್ ಸುಮಾರು 2 ಲಕ್ಷ ಟ್ವೀಟ್‌ಗಳನ್ನು ಪರಿಶೀಲಿಸಿ, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾರತದ ಖಾತೆಗಳಿಂದ ಬಂದವು ಎಂದು ವರದಿ ಮಾಡಿತು. ಲೆಸ್ಟರನ್ನು ಕಣ್ಣಿಂದ ಕಾಣದವರು ಲೆಸ್ಟರ್ ಬಗ್ಗೆ ಅಷ್ಟು ಬರೆದಿದ್ದರು. ಎತ್ತು ಕರು ಹಾಕಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ, ಹಾಗಾಯಿತು.

ವೋಚರ್ ಎಲ್ಲಿದೆ?

ಲೆಕ್ಕಪತ್ರದ ಕೆಲಸದಲ್ಲಿರುವ ನಮ್ಮಂಥವರು ಪುಸ್ತಕದಲ್ಲಿ ಒಂದು ಖರ್ಚು ಕಂಡರೆ ಮೊದಲು ಕೇಳುವುದು ಅದರ ವೋಚರ್. ಖರ್ಚು ಬರೆದವರು ಎಷ್ಟು ದೊಡ್ಡವರು ಎಂಬುದು ಆಮೇಲಿನ ಮಾತು. ಸುದ್ದಿಗೂ ಇದೇ ಪ್ರಶ್ನೆ ಹಾಕಬೇಕು.

ನಮ್ಮ ಕನ್ನಡ ಪತ್ರಿಕೆಗಳಲ್ಲಿ ಬಹಳ ಬಳಕೆಯಲ್ಲಿರುವ ಪದ ‘ಎನ್ನಲಾಗಿದೆ’. ಅಂದವರು ಯಾರು? ‘ಮೂಲಗಳ ಪ್ರಕಾರ’ ಎಂದರೆ ಯಾವ ಮೂಲ? ‘ಆಕ್ರೋಶ ವ್ಯಕ್ತವಾಗಿದೆ’ ಎಂದರೆ ಎಷ್ಟು ಜನರ ಆಕ್ರೋಶ? ಇಂಥ ವಾಕ್ಯಗಳಲ್ಲಿ ಕ್ರಿಯೆ ಇರುತ್ತದೆ, ಕರ್ತೃ ಇರುವುದಿಲ್ಲ. ಕೆಲವೊಮ್ಮೆ ಅದು ವರದಿಗಾರರ ಎಚ್ಚರಿಕೆ, ಕೆಲವೊಮ್ಮೆ ಜವಾಬ್ದಾರಿಯಿಂದ ನುಣುಚಿಕೊಳ್ಳುವ ದಾರಿ. ಯಾವುದು ಎಂದು ತಿಳಿಯಲು ಮುಂದಿನ ಎರಡು ಸಾಲು ಓದಬೇಕು. ಅಲ್ಲಿಯೂ ಹೆಸರು, ಸ್ಥಳ, ಸಮಯ ಸಿಗದಿದ್ದರೆ ವೋಚರ್ ಇಲ್ಲವೆಂದೇ ಲೆಕ್ಕ.

2024ರ ಜುಲೈ 29ರಂದು ಸೌತ್‌ಪೋರ್ಟ್‌ನಲ್ಲಿ ಮಕ್ಕಳ ನೃತ್ಯ ತರಗತಿಗೆ ನುಗ್ಗಿದವನೊಬ್ಬ ಮೂವರು ಹೆಣ್ಣುಮಕ್ಕಳನ್ನು ಚಾಕುವಿನಿಂದ ಇರಿದು ಕೊಂದ. ಕೆಲವೇ ಗಂಟೆಗಳಲ್ಲಿ ಆರೋಪಿಯದೆನ್ನಲಾದ ಮುಸ್ಲಿಂ ಹೆಸರೊಂದು ಎಲ್ಲೆಡೆ ಹರಡಿತು. ಆತ ಹಿಂದಿನ ವರ್ಷವಷ್ಟೇ ದೋಣಿಯಲ್ಲಿ ಬಂದ ಆಶ್ರಯಾಕಾಂಕ್ಷಿ ಎಂಬ ವಿವರವೂ ಜೊತೆಗಿತ್ತು. ಹೆಸರು ಸುಳ್ಳು, ವಿವರವೂ ಸುಳ್ಳು. ಆರೋಪಿ ವೇಲ್ಸ್‌ನ ಕಾರ್ಡಿಫ್‌ನಲ್ಲಿ ಹುಟ್ಟಿದ 17 ವರ್ಷದ ಹುಡುಗ. ಆದರೆ ಮಾರನೆಯ ಸಂಜೆಯೇ ಸೌತ್‌ಪೋರ್ಟ್‌ನ ಮಸೀದಿಯ ಮೇಲೆ ಕಲ್ಲು ಬಿತ್ತು. ಆಗಸ್ಟ್ 4ರಂದು ರಾದರ್‌ಹ್ಯಾಮ್ ಬಳಿ ಆಶ್ರಯ ಕೋರಿದವರಿದ್ದ ಹೋಟೆಲಿಗೆ ಗುಂಪು ಬೆಂಕಿ ಹಚ್ಚಲು ನೋಡಿತು.

ಇಲ್ಲಿ ಸರ್ಕಾರಿ ಮೌನದ ಪಾಲೂ ಇದೆ. 18 ತುಂಬದ ಆರೋಪಿಯ ಹೆಸರು ಪ್ರಕಟಿಸಲು ಕಾನೂನಿನ ನಿರ್ಬಂಧವಿತ್ತು. ಆ ಖಾಲಿ ಜಾಗವನ್ನು ವದಂತಿ ತುಂಬಿತು. ಕೊನೆಗೆ ಆಗಸ್ಟ್ 1ರಂದು ನ್ಯಾಯಾಧೀಶರೇ ಹೆಸರು ಪ್ರಕಟಿಸಲು ಅನುಮತಿ ಕೊಟ್ಟರು. ಇಂಥ ಗಂಭೀರ ಪ್ರಕರಣಗಳಲ್ಲಿ ಆರೋಪಿಯ ಜನಾಂಗ ಮತ್ತು ರಾಷ್ಟ್ರೀಯತೆ ತಿಳಿಸುವುದನ್ನು ಪೊಲೀಸರು ಪರಿಗಣಿಸಬೇಕು ಎಂದು 2025ರ ಆಗಸ್ಟ್‌ನಲ್ಲಿ ಹೊಸ ಮಾರ್ಗಸೂಚಿಯೂ ಬಂತು. ಇದರಿಂದ ವದಂತಿಗೆ ಕಡಿವಾಣ ಬೀಳಬಹುದು. ಆದರೆ ಪ್ರತಿ ಅಪರಾಧದ ಸುದ್ದಿಯಲ್ಲೂ ‘ಇವನು ಯಾವ ದೇಶದವನು’ ಎಂಬುದೇ ಮೊದಲ ಪ್ರಶ್ನೆಯಾದರೆ, ನಾಳೆ ನಮ್ಮ ಬಣ್ಣದವರ ಸರದಿಯೂ ಬರುತ್ತದೆ.

ಕತ್ತರಿ ಎಲ್ಲಿ ಬಿತ್ತು?

ವಿಡಿಯೊ ಸುಳ್ಳು ಹೇಳುವುದಿಲ್ಲ ಎನ್ನುವವರಿದ್ದಾರೆ. ಎರಡು ಉದಾಹರಣೆ ನೋಡೋಣ.

2024ರ ಜುಲೈ 23ರಂದು ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದಲ್ಲಿ ಪೊಲೀಸ್ ಅಧಿಕಾರಿಯೊಬ್ಬರು ನೆಲದ ಮೇಲೆ ಬಿದ್ದಿದ್ದ ವ್ಯಕ್ತಿಯ ತಲೆಗೆ ಒದೆಯುವ ವಿಡಿಯೊ ಬಂತು. ಮರುದಿನವೇ ಪ್ರತಿಭಟನೆಗಳು ನಡೆದವು. ನಾಲ್ಕು ದಿನಗಳ ನಂತರ ‘ಮ್ಯಾಂಚೆಸ್ಟರ್ ಈವನಿಂಗ್ ನ್ಯೂಸ್’ ಅದಕ್ಕೆ ಹಿಂದಿನ ಕ್ಷಣಗಳ ದೃಶ್ಯ ಪ್ರಕಟಿಸಿತು. ಪೊಲೀಸರಿಗೂ ಪೆಟ್ಟು ಬಿದ್ದದ್ದು ಅದರಲ್ಲಿತ್ತು. ಮಹಿಳಾ ಅಧಿಕಾರಿಯೊಬ್ಬರ ಮೂಗು ಮುರಿದಿತ್ತು. ಮೊದಲ ವಿಡಿಯೊ ನಕಲಿಯಲ್ಲ, ಎರಡನೆಯದೂ ನಕಲಿಯಲ್ಲ. ಒಂದು ಇನ್ನೊಂದನ್ನು ಅಳಿಸುವುದೂ ಇಲ್ಲ. ಆದರೆ ಮೊದಲನೆಯದನ್ನಷ್ಟೇ ಕಂಡವರು ಒಂದು ತೀರ್ಪು ಕೊಟ್ಟರು, ಎರಡನೆಯದನ್ನಷ್ಟೇ ಕಂಡವರು ಇನ್ನೊಂದು.

ಎರಡನೆಯದು ಹಳೆಯ ಕತೆ. 1984ರ ಜೂನ್ 18ರಂದು, ಗಣಿ ಕಾರ್ಮಿಕರ ಮುಷ್ಕರದ ಕಾಲದಲ್ಲಿ, ದಕ್ಷಿಣ ಯಾರ್ಕ್‌ಶೈರ್‌ನ ಆರ್‌ಗ್ರೀವ್‌ನಲ್ಲಿ ಪೊಲೀಸರಿಗೂ ಕಾರ್ಮಿಕರಿಗೂ ದೊಡ್ಡ ಘರ್ಷಣೆ ನಡೆಯಿತು. ಆ ಸಂಜೆಯ ಬಿಬಿಸಿ ವಾರ್ತೆ ಕಾರ್ಮಿಕರು ಕಲ್ಲು ತೂರುವುದನ್ನು ಮೊದಲು, ಕುದುರೆ ಪೊಲೀಸರು ನುಗ್ಗುವುದನ್ನು ಆಮೇಲೆ ತೋರಿಸಿತು. ಈ ಅನುಕ್ರಮ ತಪ್ಪಾಗಿತ್ತು, ಅವಸರದಲ್ಲಿ ಹಾಗಾಯಿತು ಎಂದು ಬಿಬಿಸಿ ವರ್ಷಗಳ ನಂತರ ಒಪ್ಪಿಕೊಂಡಿತು. ಕ್ರಮ ಬದಲಾದರೆ ಕಾರಣವೇ ಪರಿಣಾಮವಾಗಿ, ಪರಿಣಾಮವೇ ಕಾರಣವಾಗಿ ಕಾಣುತ್ತದೆ. ಪ್ರಕರಣ ದಾಖಲಾಗಿದ್ದ 95 ಕಾರ್ಮಿಕರ ವಿರುದ್ಧದ ವಿಚಾರಣೆ 1985ರಲ್ಲಿ ಪೊಲೀಸರ ಸಾಕ್ಷ್ಯ ನಿಲ್ಲದೆ ಕುಸಿಯಿತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದು ಮೊಬೈಲ್ ಕಾಲಕ್ಕೆ ಇನ್ನೂ ಚೆನ್ನಾಗಿ ಒಪ್ಪುತ್ತದೆ.

ಬರೆಯದೆ ಬಿಟ್ಟ ಲೆಕ್ಕ

ಪುಸ್ತಕದಲ್ಲಿರುವ ಸುಳ್ಳು ಲೆಕ್ಕವನ್ನು ಹಿಡಿಯುವುದು ಸುಲಭ. ಬರೆಯದೆ ಬಿಟ್ಟದ್ದನ್ನು ಹಿಡಿಯುವುದೇ ಕಷ್ಟ. ಪುಸ್ತಕವನ್ನು ಎಷ್ಟು ಸಲ ತಿರುವಿದರೂ ಅದು ಅಲ್ಲಿ ಸಿಗುವುದಿಲ್ಲ. ಹೊರಗಿನಿಂದ ಬ್ಯಾಂಕಿನ ಪತ್ರ, ಸರಕು ಕೊಟ್ಟವರ ಬಿಲ್ಲು ತರಿಸಿ ತಾಳೆ ನೋಡಬೇಕು. ಪಕ್ಷಪಾತದ ಸುದ್ದಿಯೂ ಹೆಚ್ಚಾಗಿ ಇದೇ ಜಾತಿಯದು.

ಲೆಸ್ಟರ್ ಗಲಭೆಯ ನಂತರ ಲಂಡನ್ನಿನ ಭಾರತೀಯ ಹೈಕಮಿಷನ್ ಭಾರತೀಯ ಸಮುದಾಯದ ಮೇಲಿನ ಹಿಂಸೆಯನ್ನೂ ಹಿಂದೂ ಧಾರ್ಮಿಕ ಸ್ಥಳ, ಚಿಹ್ನೆಗಳಿಗೆ ಆದ ಹಾನಿಯನ್ನೂ ಖಂಡಿಸಿತು. ಪಾಕಿಸ್ತಾನದ ಹೈಕಮಿಷನ್ ಮುಸ್ಲಿಮರ ಮೇಲಿನ ಹಿಂಸೆಯನ್ನು ಖಂಡಿಸಿತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ಎರಡು ಬೇರೆ ಊರುಗಳಲ್ಲಿ ನಡೆದ ಗಲಭೆಯೆಂಬಂತೆ ತೋರುತ್ತದೆ. ಸೆಪ್ಟೆಂಬರ್ 20ರಂದು ಲೆಸ್ಟರ್‌ನ ಹಿಂದೂ, ಮುಸ್ಲಿಂ ಮುಖಂಡರು ಮಸೀದಿಯೊಂದರ ಮೆಟ್ಟಿಲ ಮೇಲೆ ಒಟ್ಟಿಗೆ ನಿಂತು ಶಾಂತಿಯ ಜಂಟಿ ಹೇಳಿಕೆ ಓದಿದರು. ಬಾವುಟ ಕಿತ್ತ ವಿಡಿಯೊ ಹತ್ತು ಸಲ ಬಂದ ನಮ್ಮ ಮೊಬೈಲ್‌ಗಳಿಗೆ ಈ ದೃಶ್ಯ ಬಂದದ್ದು ಅಪರೂಪ.

2015ರ ಜನವರಿಯಲ್ಲಿ ಅಮೆರಿಕದ ಫಾಕ್ಸ್ ನ್ಯೂಸ್‌ನಲ್ಲಿ ‘ತಜ್ಞ’ರೊಬ್ಬರು ಬರ್ಮಿಂಗ್‌ಹ್ಯಾಮ್ ಪೂರ್ತಿ ಮುಸ್ಲಿಂ ನಗರ, ಬೇರೆಯವರು ಅಲ್ಲಿಗೆ ಕಾಲಿಡುವುದೇ ಇಲ್ಲ ಎಂದರು. 2011ರ ಜನಗಣತಿಯಂತೆ ಅಲ್ಲಿನ ಮುಸ್ಲಿಮರು ಶೇ 22ರಷ್ಟು. ಅವರು ಕ್ಷಮೆ ಕೇಳಿದರು. ಬ್ರಿಟನ್ನಿನ ಪ್ರಸಾರ ನಿಯಂತ್ರಕ ಆಫ್‌ಕಾಮ್ ಅದನ್ನು ನಿಯಮ ಉಲ್ಲಂಘನೆ ಎಂದಿತು. ನಾವು ಆ ದಿನ ನಕ್ಕೆವು, ಏಕೆಂದರೆ ಆ ಊರಿನಲ್ಲೇ ಬಸ್ಸು ಹತ್ತಿ ಕೆಲಸಕ್ಕೆ ಹೋಗಿ ಬರುತ್ತಿದ್ದೆವು. ಆದರೆ ನಮಗೆ ಗೊತ್ತಿಲ್ಲದ ಊರಿನ ಬಗ್ಗೆ ಅದೇ ಧಾಟಿಯ ಮಾತು ಕೇಳಿದಾಗ ನಗುತ್ತೇವೆಯೇ?

ದೊಡ್ಡ ಪತ್ರಿಕೆಯಾದರೆ ಸಾಕೇ?

ಹಾಗಾದರೆ ವಾಟ್ಸಾಪ್ ಬಿಟ್ಟು ಹೆಸರಾಂತ ಪತ್ರಿಕೆ ಓದಿದರೆ ಸಾಕು ಎನ್ನಬಹುದು. ಅಷ್ಟು ಸುಲಭವಿಲ್ಲ. 1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೊ ಫುಟ್‌ಬಾಲ್ ಮೈದಾನದ ನೂಕುನುಗ್ಗಲಿಗೆ ಸಿಲುಕಿ ಒಟ್ಟು 97 ಲಿವರ್‌ಪೂಲ್ ಅಭಿಮಾನಿಗಳು ಪ್ರಾಣ ಕಳೆದುಕೊಂಡರು. ನಾಲ್ಕು ದಿನಗಳ ನಂತರ ‘ದಿ ಸನ್’ ಪತ್ರಿಕೆ ‘ಸತ್ಯ’ ಎಂಬ ಅರ್ಥದ ಭಾರಿ ತಲೆಬರಹದಡಿ, ಅಭಿಮಾನಿಗಳೇ ಸತ್ತವರ ಜೇಬು ಕತ್ತರಿಸಿದರು ಎಂದು ಬರೆಯಿತು. ಮೂಲ ಇಲ್ಲದೆ ಬರೆದದ್ದಲ್ಲ. ಪೊಲೀಸರು ಮತ್ತು ಒಬ್ಬ ಸಂಸದರ ಮಾತೇ ಮೂಲ. ಆದರೆ ಆ ಮೂಲಕ್ಕೆ ತನ್ನ ತಪ್ಪು ಮುಚ್ಚಿಕೊಳ್ಳುವ ಕಾರಣವಿತ್ತು. 2012ರ ಸ್ವತಂತ್ರ ಸಮಿತಿಯ ವರದಿ ಆ ಸುಳ್ಳನ್ನು ಬಯಲು ಮಾಡಿತು. 2016ರಲ್ಲಿ ಜ್ಯೂರಿ ಅಭಿಮಾನಿಗಳ ತಪ್ಪೇನೂ ಇಲ್ಲ ಎಂದಿತು. ಲಿವರ್‌ಪೂಲ್‌ನಲ್ಲಿ ಆ ಪತ್ರಿಕೆಯನ್ನು ಇಂದಿಗೂ ಕೊಳ್ಳದವರು ಬಹಳ.

ಲೆಕ್ಕಪರಿಶೋಧನೆಯಲ್ಲೂ ಇದೇ ನಿಯಮ. ಕಂಪನಿಯ ಮ್ಯಾನೇಜರ್ ಕೊಟ್ಟ ವಿವರಣೆಯನ್ನು ಬರೆದುಕೊಳ್ಳುತ್ತೇವೆ, ಆದರೆ ಅದನ್ನೇ ಪುರಾವೆ ಎನ್ನುವುದಿಲ್ಲ. ಹೇಳುವವರಿಗೆ ಇದರಿಂದ ಏನು ಲಾಭ ಎಂದು ಕೇಳಿಕೊಳ್ಳುತ್ತೇವೆ.

ನಮ್ಮ ಕಡೆಯ ಸುಳ್ಳು

ಇದೆಲ್ಲ ಇಂಗ್ಲೆಂಡಿನ ರೋಗ ಎಂದು ಕರ್ನಾಟಕದ ಓದುಗರು ನಿರಾಳವಾಗುವಂತಿಲ್ಲ. 2012ರ ಆಗಸ್ಟ್‌ನಲ್ಲಿ ಎಸ್‌ಎಂಎಸ್ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ಒಮ್ಮೆಗೆ ಐದಕ್ಕಿಂತ ಹೆಚ್ಚು ಎಸ್‌ಎಂಎಸ್ ಕಳಿಸದಂತೆ ಕೇಂದ್ರ ಸರ್ಕಾರ ತಡೆಯಬೇಕಾಯಿತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸಂದೇಶ ನಂಬಿದ ಗುಂಪು ಹೈದರಾಬಾದಿನ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದಿತು. ಲೆಸ್ಟರ್‌ನ ಅಪಹರಣದ ವದಂತಿಗೂ ಮುರ್ಕಿಯದಕ್ಕೂ ನಾಲ್ಕು ವರ್ಷದ ಅಂತರ, ಸಾವಿರಾರು ಮೈಲಿ ದೂರ. ಅಸ್ತ್ರ ಮಾತ್ರ ಒಂದೇ: ಮಕ್ಕಳ ಬಗೆಗಿನ ಭಯ. ಆ ಭಯ ಹುಟ್ಟಿದರೆ ಯಾರೂ ವೋಚರ್ ಕೇಳುವುದಿಲ್ಲ.

ನಮಗೆ ನಿಜವಾಗಿ ಕಷ್ಟವಾಗುವುದು ಎದುರು ಪಕ್ಷದವರ ಸುಳ್ಳು ಹಿಡಿಯುವುದಲ್ಲ, ನಮ್ಮ ಕಡೆಯವರ ಸುಳ್ಳು ಹಿಡಿಯುವುದು. ನಮ್ಮ ಅಭಿಪ್ರಾಯಕ್ಕೆ ಸರಿಯಾಗಿ ಹೊಂದುವ ಸುದ್ದಿ ಬಂದಾಗ ಮನಸ್ಸು ‘ನಾನು ಹೇಳಿರಲಿಲ್ಲವೇ’ ಎನ್ನುತ್ತದೆ, ಬೆರಳು ಫಾರ್ವರ್ಡ್ ಒತ್ತುತ್ತದೆ. ಮ್ಯಾನೇಜರನ ಬೋನಸ್ಸಿಗೆ ಎಷ್ಟು ಬೇಕೋ ಸರಿಯಾಗಿ ಅಷ್ಟೇ ಲಾಭ ತೋರಿಸುವ ಲೆಕ್ಕವನ್ನು ನಾವು ಎರಡು ಸಲ ನೋಡುತ್ತೇವೆ. ನಮಗೆ ಇಷ್ಟವಾಗುವ ಸುದ್ದಿಯನ್ನೂ ಹಾಗೆಯೇ ಎರಡು ಸಲ ನೋಡಬೇಕು.

ಇನ್ನೊಂದು ಸಂಕೋಚವಿದೆ. ಗುಂಪಿನಲ್ಲಿ ಸುಳ್ಳು ಸುದ್ದಿ ಹಾಕಿದವರು ನಾವು ‘ಸರ್’ ಎನ್ನುವ ಹಿರಿಯ ವೈದ್ಯರೋ, ಹಬ್ಬಕ್ಕೆ ಊಟ ಬಡಿಸಿದ ಆಂಟಿಯೋ ಆಗಿರುತ್ತಾರೆ. ಎಲ್ಲರೆದುರು ತಪ್ಪೆಂದರೆ ಮುಖ ಕೆಡುತ್ತದೆ, ಸುಮ್ಮನಿದ್ದರೆ ಒಪ್ಪಿದಂತಾಗುತ್ತದೆ. ಗುಂಪಿನಲ್ಲಿ ವಾದಕ್ಕಿಳಿಯದೆ, ಅವರಿಗೊಬ್ಬರಿಗೇ ಫೋನ್ ಮಾಡಿ ‘ಸರ್, ಇದು ಎಲ್ಲಿಂದ ಬಂತು?’ ಎಂದು ವಿನಯದಿಂದ ಕೇಳುವುದು ಉತ್ತಮ. ಬಹುಪಾಲು ಹಿರಿಯರು ತಾವೇ ಅಳಿಸುತ್ತಾರೆ.

ಇಲ್ಲಿ ಕಾನೂನೂ ಕಣ್ಣು ಮುಚ್ಚಿ ಕೂತಿಲ್ಲ. ಸುಳ್ಳೆಂದು ಗೊತ್ತಿದ್ದೂ ಹಾನಿ ಮಾಡುವ ಉದ್ದೇಶದಿಂದ ಸಂದೇಶ ಕಳಿಸುವುದು 2023ರ ಆನ್‌ಲೈನ್ ಸುರಕ್ಷತಾ ಕಾಯ್ದೆಯಡಿ ಅಪರಾಧ. 2024ರ ಗಲಭೆಯ ಸಮಯದಲ್ಲಿ ಹೋಟೆಲಿನ ಮೇಲೆ ದಾಳಿಗೆ ಪ್ರಚೋದಿಸಿ ಫೇಸ್‌ಬುಕ್‌ನಲ್ಲಿ ಬರೆದವನಿಗೆ ಲೀಡ್ಸ್ ಕ್ರೌನ್ ಕೋರ್ಟ್ 20 ತಿಂಗಳ ಜೈಲು ವಿಧಿಸಿತು. ಆದರೆ ಜೈಲಿನ ಭಯಕ್ಕಿಂತ ದೊಡ್ಡ ಕಾರಣ ನಮಗಿದೆ. ಇಲ್ಲಿನ ಆಸ್ಪತ್ರೆಗಳಲ್ಲಿ ನಮ್ಮ ವೈದ್ಯರು, ನರ್ಸ್‌ಗಳು ಲಾಹೋರ್ ಮೂಲದವರ ಜೊತೆ ಒಂದೇ ಪಾಳಿಯಲ್ಲಿ ದುಡಿಯುತ್ತಾರೆ. ನಮ್ಮ ಮಕ್ಕಳು ಅವರ ಮಕ್ಕಳೊಂದಿಗೆ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಬೀದಿ ಕೆಟ್ಟರೆ ಕೆಡುವುದು ಇಬ್ಬರ ಬದುಕೂ.

ಊರಿನಲ್ಲಿರುವ ಬಂಧುಗಳಿಗೆ ಒಂದು ವಿನಂತಿ. ‘ನಿಮ್ಮ ಊರಿನಲ್ಲಿ ಹೀಗಂತೆ’ ಎಂಬ ವಿಡಿಯೊ ನಿಮಗೆ ಬಂದರೆ ಅದನ್ನು ಹತ್ತು ಜನರಿಗೆ ಕಳಿಸುವ ಮುನ್ನ ನಮಗೊಂದು ಫೋನ್ ಮಾಡಿ. ಆ ಬೀದಿಯಲ್ಲೇ ನಮ್ಮ ಮನೆಯಿರಬಹುದು, ಇಲ್ಲವೇ ನಮ್ಮ ಗೆಳೆಯರದು. ಕಂಡದ್ದನ್ನು ಕಂಡಂತೆ ಹೇಳುತ್ತೇವೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನುತ್ತೇವೆ. ಆ ಉತ್ತರವನ್ನೂ ದಯವಿಟ್ಟು ಹಾಗೆಯೇ ಹಂಚಿ.