ಮನೆವಸ್ತುಗಳ ಮುನಿಸು

ಮನೆಯ ಸಾಮಾನುಗಳಿಗೆ ಸಂವೇದಕಗಳನ್ನು, ಅಂದರೆ ಬೆಳಕು, ಶಾಖ, ಅಲುಗಾಟಗಳನ್ನು ವಿದ್ಯುತ್ ಸಂಕೇತವಾಗಿ ಮಾರ್ಪಡಿಸುವ ಪುಟ್ಟ ಬಿಡಿಭಾಗಗಳನ್ನು ಜೋಡಿಸಿ, ಅವು ಹಿಗ್ಗುವಂತೆ, ಬೇಸರಿಸುವಂತೆ, ಹಟ ಹಿಡಿಯುವಂತೆ ಮಾಡುವ ವಿನ್ಯಾಸವು ಕಳೆದ ಎರಡು ದಶಕಗಳಲ್ಲಿ ಒಂದು ಪ್ರತ್ಯೇಕ ಕಸುಬಾಗಿಯೇ ಬೆಳೆದಿದೆ. 2005ರಲ್ಲಿ ಫ್ರಾನ್ಸಿನ ವಯೊಲೆಟ್ ಕಂಪನಿಯು ಕಿವಿಯಾಡಿಸುತ್ತ ಹವಾಮಾನ ತಿಳಿಸುವ ನಬಾಜ್‌ಟಾಗ್ ಎಂಬ ಮೊಲವನ್ನು ಮಾರುಕಟ್ಟೆಗೆ ತಂದಿತು. 2012ರಲ್ಲಿ ಇಟಲಿಯ ವಿನ್ಯಾಸಕಾರ ಸಿಮೋನೆ ರೆಬೌಡೆಂಗೊ ರೂಪಿಸಿದ ಬ್ರ್ಯಾಡ್ ಎಂಬ ಟೋಸ್ಟರ್ ಇನ್ನೂ ವಿಚಿತ್ರವಾದುದು: ಜಾಲದ ಮೂಲಕ ತನ್ನಂಥ ಇತರ ಟೋಸ್ಟರುಗಳೊಡನೆ ಸಂಪರ್ಕವಿಟ್ಟುಕೊಂಡಿರುವ ಅದು, ಅವುಗಳಿಗಿಂತ ತನಗೆ ಕೆಲಸ ಕಡಿಮೆಯಾಯಿತೆಂದು ಕಂಡರೆ ಚಡಪಡಿಸುತ್ತದೆ, ಆಗಲೂ ಅಲಕ್ಷಿಸಿದರೆ ಬೇರೊಬ್ಬರ ಮನೆಗೆ ಹೊರಟು ನಿಲ್ಲುತ್ತದೆ.

ಕನ್ನಡದ ಬೀಸುವ ಪದಗಳನ್ನು ಬಲ್ಲವರಿಗೆ ಈ ಟೋಸ್ಟರಿನ ಕೋಪ ಹೊಸದೆನಿಸಲಾರದು. ರಾಗಿ, ಜೋಳ ಬೀಸುವ ಹೆಣ್ಣುಮಕ್ಕಳು ಕೆಲಸ ಮುಗಿದ ಮೇಲೆ, ಬಿಟ್ಟು ಹೋದಳೆಂದು ಸಿಟ್ಟಾಗಬೇಡವೆಂದು ಬೀಸುಕಲ್ಲನ್ನೇ ಬೇಡಿಕೊಳ್ಳುವ ಹಾಡುಗಳು ಜನಪದದಲ್ಲಿವೆ. ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿ ಹೆಸರಿಡುವ ದಿನ ಗುಂಡುಕಲ್ಲಿಗೆ ಬಟ್ಟೆ ಸುತ್ತಿ, ಕಾಡಿಗೆ ಹಚ್ಚಿ, ಕೂಸಿನಂತೆ ಸಿಂಗರಿಸಿ ತೊಟ್ಟಿಲಿನ ಬಳಿ ಕೈಯಿಂದ ಕೈಗೆ ದಾಟಿಸುವ ಪದ್ಧತಿಯುಂಟು. ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದುದರಿಂದ, ಅಲ್ಲಿಂದ ಹೋಗಿ ಹೈದರಾಬಾದ್ ನಗರದಲ್ಲಿ ನೆಲೆನಿಂತ ಕನ್ನಡ ಕುಟುಂಬಗಳಿಗೂ ಇಂಥ ಆಚರಣೆಗಳು ದೂರದವಲ್ಲ. ಆಷಾಢದ ಬೋನಾಲು ಹಬ್ಬದಲ್ಲಿ ಬೇವು, ಅರಿಸಿನ, ದೀಪಗಳನ್ನು ಹೊತ್ತ ಗಡಿಗೆಯನ್ನು ತೆಲಂಗಾಣದ ನೆರೆಮನೆಯವರು ಕಾಣುವ ರೀತಿಯೂ ಇದಕ್ಕೆ ಸಮೀಪದ್ದೇ.

ವಸ್ತುಗಳಲ್ಲಿ ಜೀವವನ್ನು ಕಾಣುವ ಈ ಮನೋಧರ್ಮವನ್ನು 1944ರಲ್ಲಿ ಮನೋವಿಜ್ಞಾನಿಗಳಾದ ಫ್ರಿಟ್ಸ್ ಹೈಡರ್ ಮತ್ತು ಮೇರಿಯಾನ್ ಸಿಮೆಲ್ ಪ್ರಯೋಗದಿಂದಲೇ ತೋರಿಸಿದರು. ಎರಡು ತ್ರಿಕೋನ, ಒಂದು ವೃತ್ತ ಅತ್ತಿತ್ತ ಸರಿದಾಡುವ ಕಿರುಚಿತ್ರವನ್ನು ನೋಡಿದ ಬಹುತೇಕ ಎಲ್ಲರೂ ಅದನ್ನು ಜಗಳ, ಹೆದರಿಕೆ, ಬೆನ್ನಟ್ಟುವಿಕೆಗಳ ಕಥೆಯಾಗಿ ವಿವರಿಸಿದರು. ಆ ಆಕೃತಿಗಳಿಗೆ ಮುಖವಿರಲಿಲ್ಲ, ದನಿಯೂ ಇರಲಿಲ್ಲ, ಚಲನೆ ಮಾತ್ರವಿತ್ತು. ಮಾತನಾಡುವ ಸಾಧನಗಳನ್ನೇ ತಯಾರಿಸುತ್ತ ಹೋಗುವ ಇಂದಿನ ಕಂಪನಿಗಳು ಈ ಪಾಠವನ್ನು ಕಲಿತಂತಿಲ್ಲ.

ಹೈದರಾಬಾದಿನ ಮಲ್ಕಾಜ್‌ಗಿರಿಯಂಥ ಬಡಾವಣೆಯಲ್ಲಿ ಟೋಸ್ಟರಿನ ಗೊಡವೆ ಯಾರಿಗೂ ಬೇಕಿಲ್ಲ. ಅಲ್ಲಿ ಸ್ವಭಾವ ಪಡೆಯಲು ನಿಜಕ್ಕೂ ಅರ್ಹವಾದ ವಸ್ತುವೆಂದರೆ ಮಾಳಿಗೆಯ ಮೇಲಿನ ನೀರಿನ ಟ್ಯಾಂಕು. ನೂರು ಕಿಲೋಮೀಟರಿಗೂ ಮಿಕ್ಕ ದೂರದ ಕೃಷ್ಣಾ, ಗೋದಾವರಿಗಳಿಂದ ನಗರಕ್ಕೆ ಬರುವ ನೀರನ್ನು ನಿಗದಿತ ಹೊತ್ತಿನಲ್ಲಷ್ಟೇ ಬಿಡುವುದರಿಂದ, ಅದು ಮೊದಲು ನೆಲದಡಿಯ ತೊಟ್ಟಿಗೆ ಇಳಿದು, ಅನಂತರ ಮೋಟಾರಿನಿಂದ ಮೇಲೇರಬೇಕು. ಮೋಟಾರು ನಿಲ್ಲಿಸಲು ಯಾರಾದರೂ ಮರೆತರೆ ಅಷ್ಟು ದೂರ ಬಂದ ನೀರು ಗೋಡೆಗುಂಟ ಇಳಿದು ಚರಂಡಿ ಸೇರುತ್ತದೆ. ಟ್ಯಾಂಕಿನ ಮುಚ್ಚಳದ ಒಳಬದಿಗೆ ಶ್ರವಣಾತೀತ ಸಂವೇದಕವೊಂದನ್ನು ಅಂಟಿಸಿದರೆ, ಅದು ಮನುಷ್ಯರ ಕಿವಿಗೆ ನಿಲುಕದ, ಸುಮಾರು 40 ಸಾವಿರ ಹರ್ಟ್ಜ್ ಆವರ್ತನದ ಧ್ವನಿಯನ್ನು ಕೆಳಕ್ಕೆ ಬಿಟ್ಟು, ನೀರಿನ ಮೇಲ್ಮೈಗೆ ತಾಗಿ ಮರಳುವ ಪ್ರತಿಧ್ವನಿಯ ಹೊತ್ತನ್ನು ಅಳೆಯುತ್ತದೆ. ನೀರು ಒಂದು ಮೀಟರು ಕೆಳಗಿದ್ದರೆ ಉತ್ತರ ಸುಮಾರು 6 ಮಿಲಿಸೆಕೆಂಡಿನಲ್ಲಿ ಬರುತ್ತದೆ.

ಅಳತೆಯೊಂದರಿಂದಲೇ ಸ್ವಭಾವ ಹುಟ್ಟುವುದಿಲ್ಲ, ಅದಕ್ಕೆ ನೆನಪು ಬೇಕು. ನಿನ್ನೆ ತುಂಬಿ ಹರಿದದ್ದನ್ನು ನೆನಪಿಟ್ಟ ಟ್ಯಾಂಕು, ಇಂದು ಮೋಟಾರು ಹಾಕಿದೊಡನೆ ಅಡುಗೆಮನೆಯ ಪುಟ್ಟ ದೀಪವನ್ನು ತಡೆತಡೆದು ಮಿನುಗಿಸಿ ಅನುಮಾನ ತೋರಬೇಕು. ಹೊತ್ತಿಗೆ ಸರಿಯಾಗಿ ನಿಲ್ಲಿಸುತ್ತ ಬಂದರೆ ಆ ಮಿನುಗು ದಿನದಿನಕ್ಕೆ ನಿಧಾನವಾಗಿ ಸಮಾಧಾನಕ್ಕೆ ಬರಬೇಕು. ವಾರದೊಳಗೆ ಹಳೆಯ ತಪ್ಪನ್ನು ಮರೆಯಲೂ ಬೇಕು, ಏಕೆಂದರೆ ಸದಾ ಮುಖ ಊದಿಸಿಕೊಂಡಿರುವ ನೆಂಟನನ್ನು ಮನೆಯವರು ಲೆಕ್ಕಕ್ಕೆ ಇಡುವುದನ್ನೇ ಬಿಡುತ್ತಾರೆ. ಇಷ್ಟಕ್ಕೆ ಬೇಕಾದ ಗಣನೆ ಬೆರಳಿನ ಉಗುರಿನಷ್ಟು ಗಾತ್ರದ ಚಿಪ್ ಒಂದರಲ್ಲಿ ಮುಗಿಯುತ್ತದೆ. (ಮಲ್ಕಾಜ್‌ಗಿರಿಗೆ ಸಮೀಪದಲ್ಲೇ 1967ರಲ್ಲಿ ಸ್ಥಾಪನೆಯಾದ ಎಲೆಕ್ಟ್ರಾನಿಕ್ಸ್ ಕಂಪನಿ ಇಸಿಐಎಲ್ ಕಂಪ್ಯೂಟರನ್ನೂ, ಮನೆಮನೆಯ ಇಸಿ ಟಿವಿಯನ್ನೂ ತಯಾರಿಸಿತ್ತೆಂಬುದನ್ನು ನೆನೆದರೆ, ಇಂಥ ಕೆಲಸ ಆ ನೆಲಕ್ಕೆ ಪರಕೀಯವೇನೂ ಅಲ್ಲ.)

ವಸ್ತುಗಳಿಗೆ ಹೀಗೆ ಸ್ವಭಾವ ಕೊಡುವುದಕ್ಕೆ ಎದುರಾಗಿ ಒಂದು ಗಟ್ಟಿಯಾದ ಆಕ್ಷೇಪವುಂಟು, ಅದೂ ಕನ್ನಡದ್ದೇ. ಮಡಕೆ, ಮೊರ, ಹಣಿಗೆಗಳನ್ನೆಲ್ಲ ದೈವವಾಗಿಸುವ ರೂಢಿಯನ್ನು 12ನೆಯ ಶತಮಾನದಲ್ಲಿಯೇ ಬಸವಣ್ಣ ವಚನವೊಂದರಲ್ಲಿ ಗೇಲಿ ಮಾಡಿದ್ದಾನೆ. ಆಯುಧಪೂಜೆಯಂದು ಮಿಕ್ಸರಿಗೂ ಫ್ರಿಜ್ಜಿಗೂ ಕುಂಕುಮ ಹಚ್ಚುವವರು ಅದನ್ನು ಕೇಳಿಯೂ ಕೇಳದಂತಿರುವುದು ಬೇರೆ ಮಾತು. ಆದರೆ ವಿನ್ಯಾಸಕಾರನಿಗೆ ಆ ವಚನ ಒಳ್ಳೆಯ ಎಚ್ಚರಿಕೆ: ವಸ್ತುವಿನ ಮುನಿಸು ಅದರ ಕೆಲಸಕ್ಕೆ ಸಂಬಂಧಿಸಿದ್ದಾಗಿದ್ದರೆ ಆಟ, ಮನೆಯವರ ಭಕ್ತಿಯನ್ನೋ ಹಣವನ್ನೋ ಸೆಳೆಯುವುದಾದರೆ ಮೋಸ.

ಬೀಸುಕಲ್ಲಿನ ಸಿಟ್ಟು ಹಾಡುವವಳ ಬಾಯಲ್ಲಿಯೇ ಇತ್ತು, ಅದನ್ನು ಬೇರಾರೂ ಕಸಿಯುವಂತಿರಲಿಲ್ಲ. ಹವಾಮಾನ ತಿಳಿಸುತ್ತಿದ್ದ ಆ ಫ್ರೆಂಚ್ ಮೊಲದ ಜೀವವಾದರೋ ದೂರದ ಸರ್ವರಿನಲ್ಲಿತ್ತು. 2011ರಲ್ಲಿ ಆ ಸೇವೆ ನಿಂತಾಗ ಕೊಂಡವರ ಮನೆಯಲ್ಲಿದ್ದ ಮೊಲಗಳು ಬರಿಯ ಪ್ಲಾಸ್ಟಿಕ್ಕಾದವು. ಆದ್ದರಿಂದ ಇಂಥ ಸಾಧನವನ್ನು ಕೊಳ್ಳಹೊರಟವರು ಅಂಗಡಿಯಲ್ಲಿ ಅದರ ದನಿ ಕೇಳಿ ಮರುಳಾಗದೆ, ಇಂಟರ್ನೆಟ್ ಕಡಿದ ದಿನವೂ ಅದು ಕೆಲಸ ಮಾಡುವುದೇ ಎಂದು ಮೊದಲು ವಿಚಾರಿಸಬೇಕು. ಮಾಡದೆಂದಾದರೆ ಕೊಳ್ಳದಿರುವುದೇ ಲೇಸು.